ಸೈಕಲ್ ತುಳಿದರೆ ಹೆಣ್ಣುಮಕ್ಕಳ ಗರ್ಭಕೋಶ ಜಾರುತ್ತದೆಯೇ? 53ರ ವಯಸ್ಸಿನಲ್ಲಿ ಸೈಕಲ್ ಹತ್ತಿದ ಫ್ರಾನ್ಸಿಸ್ ವಿಲ್ಲಾರ್ಡ್ ಕಥೆ

ಹುಡುಗಿಯರು ಸೈಕಲ್ ತುಳಿದರೆ ಗರ್ಭಕೋಶ ಜಾರುತ್ತದೆ, ಮುಟ್ಟು ಏರುಪೇರಾಗುತ್ತದೆ, ಮದುವೆಯಾದ ಮೇಲೆ ಮಕ್ಕಳಾಗುವುದು ಕಷ್ಟ. ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಹೇಳಿದವರು ಅಜ್ಜಿಯೋ, ಪಕ್ಕದ ಮನೆಯವರೋ, ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಫಾರ್ವರ್ಡೋ ಆಗಿರಬಹುದು. ಜೊತೆಗೆ ಡಾಕ್ಟರೇ ಹೇಳಿದ್ದಾರೆ ಎಂಬ ಒಗ್ಗರಣೆಯೂ ಇರುತ್ತದೆ.

ಒಂದು ವಿಷಯ ಮಾತ್ರ ನಿಜ. ಡಾಕ್ಟರುಗಳು ಹಾಗೆ ಹೇಳಿದ್ದು ಹೌದು, ಆದರೆ ಅದು 1890ರ ದಶಕದಲ್ಲಿ, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ. ಅದೇ ಹೊತ್ತಿನಲ್ಲಿ ಅಮೆರಿಕದ ಅತ್ಯಂತ ಹೆಸರುವಾಸಿ ಮಹಿಳೆಯೊಬ್ಬರು, 53 ವರ್ಷ ದಾಟಿದವರು, ಅನಾರೋಗ್ಯದಿಂದ ಬಳಲುತ್ತಿದ್ದವರು, ಸೈಕಲ್ ಕಲಿಯಲು ಹೊರಟರು. ಅವರ ಹೆಸರು ಫ್ರಾನ್ಸಿಸ್ ವಿಲ್ಲಾರ್ಡ್. ಅವರ ಬದುಕಿನ ಕಥೆಯನ್ನೂ, ಆ ಹಳೆಯ ವೈದ್ಯಕೀಯ ಭಯದ ಅಸಲಿಯತ್ತನ್ನೂ ನಾವು ಇಲ್ಲಿ ಒಟ್ಟಿಗೇ ಹೇಳುತ್ತೇವೆ.

ಮೊದಲು ಭಯದ ವಿಷಯ

ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇರುವ ಹಳೆಯ ಸೈಕಲ್‌ನ ಚಿತ್ರ ನೀವು ನೋಡಿರುತ್ತೀರಿ. ಅದರ ಮೇಲೆ ಲಂಗ ತೊಟ್ಟು ಹತ್ತುವುದು ಬಿಡಿ, ಗಂಡಸರೇ ಮೂಗು ಮುರಿದುಕೊಳ್ಳುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ ತಂದರು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯವು, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದರು. ಲಂಗಕ್ಕೆ ಅಡ್ಡವಾಗದಂತೆ ನಡುವಿನ ಕಂಬಿಯನ್ನು ಕೆಳಕ್ಕೆ ಇಳಿಸಿದ ಮಾದರಿಯೂ ಬಂತು. ನಾವು ಇಂದಿಗೂ ಲೇಡೀಸ್ ಸೈಕಲ್ ಎನ್ನುವುದು ಅದನ್ನೇ. ಕೆಲವೇ ವರ್ಷಗಳಲ್ಲಿ ಹೆಂಗಸರು, ಜೊತೆಗೆ ಯಾರೂ ಇಲ್ಲದೆ, ಊರಾಚೆಯ ರಸ್ತೆಗಳಲ್ಲಿ ಕಾಣಿಸತೊಡಗಿದರು.

ಎಚ್ಚರಿಕೆಗಳು ಶುರುವಾದದ್ದೂ ಆಗಲೇ. ಅವುಗಳಲ್ಲಿ ಹೆಚ್ಚು ಹೆಸರಾದದ್ದು 'ಬೈಸಿಕಲ್ ಫೇಸ್', ಅಂದರೆ ಸೈಕಲ್ ಮುಖ. ಬ್ಯಾಲೆನ್ಸ್ ಹಿಡಿಯುವ ಒತ್ತಡದಿಂದ ಕಣ್ಣು ಉಬ್ಬುತ್ತದೆ, ದವಡೆ ಬಿಗಿಯುತ್ತದೆ, ಮುಖ ಬಿಳಿಚಿಕೊಂಡು ಕಣ್ಣ ಕೆಳಗೆ ಕಪ್ಪಾಗುತ್ತದೆ, ಆಮೇಲೆ ಮುಖ ಹಾಗೆಯೇ ಉಳಿದುಬಿಡುತ್ತದೆ ಎಂದು ಪತ್ರಿಕೆಗಳು ಬರೆದವು. ಗಂಡಸರಿಗೂ ಬರಬಹುದು, ಹೆಂಗಸರಿಗಂತೂ ಜಾಸ್ತಿ ಎಂಬ ಷರಾ ಬೇರೆ. ಲಂಡನ್ನಿನ ಡಾಕ್ಟರ್ ಆರ್ಥರ್ ಶಾಡ್‌ವೆಲ್ 1897ರಲ್ಲಿ ಸೈಕಲ್‌ನ ಗುಪ್ತ ಅಪಾಯಗಳ ಬಗ್ಗೆ ಒಂದು ಲೇಖನವನ್ನೇ ಬರೆದರು. ಸೀಟಿನ ಒತ್ತಡದಿಂದ ಗರ್ಭಕೋಶ ಸ್ಥಾನ ತಪ್ಪುತ್ತದೆ ಎಂದವರೂ, ಹೆಣ್ಣಿನ ನಡತೆ ಕೆಡುತ್ತದೆ ಎಂದವರೂ ಇದ್ದರು. ವೈದ್ಯರೆಲ್ಲ ಒಂದೇ ದನಿಯಲ್ಲಿ ಹೀಗೆ ಹೇಳಿದರೆಂದಲ್ಲ. ಷಿಕಾಗೋದ ಸಾರಾ ಹ್ಯಾಕೆಟ್ ಸ್ಟೀವನ್‌ಸನ್ ಇದನ್ನು ಒಪ್ಪಲಿಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಮೊದಲ ಮಹಿಳಾ ಸದಸ್ಯೆ ಅವರು. ಹೊಸದಾಗಿ ಕಲಿಯುವವರ ಮುಖದಲ್ಲಿ ಕಾಣುವುದು ಬೀಳುವ ಭಯವೇ ಹೊರತು ರೋಗವಲ್ಲ ಎಂಬುದು ಅವರ ಅಭಿಪ್ರಾಯ.

ಈಗ ನಮಗೆ ಗೊತ್ತಿರುವುದು ಇಷ್ಟು. ಗರ್ಭಕೋಶ ಸೀಟಿನ ಮೇಲೆ ಕೂತಿರುವ ವಸ್ತುವಲ್ಲ. ಸೊಂಟದ ಮೂಳೆಗಳ ನಡುವೆ, ಕೆಳಗಿನ ಸ್ನಾಯುಗಳು ಮತ್ತು ಗಟ್ಟಿ ನಾರುಪಟ್ಟಿಗಳ ಆಸರೆಯಲ್ಲಿ ಅದು ಇದೆ. ಈ ಆಸರೆ ಸಡಿಲವಾಗುವುದಕ್ಕೆ ಹೆರಿಗೆ, ಮುಟ್ಟು ನಿಂತ ನಂತರದ ಬದಲಾವಣೆ, ಬಹುಕಾಲದ ಕೆಮ್ಮು, ಮಲಬದ್ಧತೆ, ಅತಿಯಾದ ಭಾರ ಎತ್ತುವುದು, ಬೊಜ್ಜು ಇವೇ ಮುಖ್ಯ ಕಾರಣಗಳು. ಸೈಕಲ್ ಆ ಪಟ್ಟಿಯಲ್ಲಿ ಇಲ್ಲ. ಓಟಕ್ಕೆ ಹೋಲಿಸಿದರೆ ಸೈಕಲ್‌ನಲ್ಲಿ ದೇಹಕ್ಕೆ ಬೀಳುವ ಕುಲುಕು ಬಹಳ ಕಡಿಮೆ. ಕನ್ಯಾಪೊರೆಯ ಮಾತೂ ಹೀಗೆಯೇ. ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಅದನ್ನು ನೋಡಿ ಯಾರ ಬಗ್ಗೆಯೂ ಏನನ್ನೂ ಹೇಳಲಾಗದು. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಅದನ್ನು ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕರೆ ಕೊಟ್ಟಿದೆ. ಸೈಕಲ್‌ನಿಂದ ಬರುವ ತೊಂದರೆಗಳು ಬೇರೆ: ಸೀಟಿನ ಎತ್ತರ ಸರಿ ಇಲ್ಲದಿದ್ದರೆ ಮಂಡಿನೋವು, ಸೀಟು ಹೊಂದದಿದ್ದರೆ ತರಚು, ಜೋಮು. ಅದಕ್ಕೆ ಸ್ಪ್ಯಾನರ್ ಸಾಕು. ಹೆರಿಗೆಯಾಗಿ ಸ್ವಲ್ಪವೇ ದಿನವಾಗಿದ್ದರೆ, ಅಥವಾ ಗರ್ಭಿಣಿಯಾಗಿದ್ದು ಬೀಳುವ ಭಯವಿದ್ದರೆ, ನಿಮ್ಮ ಡಾಕ್ಟರನ್ನು ಕೇಳಿ. ಉಳಿದವರು ಧೈರ್ಯವಾಗಿ ತುಳಿಯಬಹುದು.

ಫ್ರ್ಯಾಂಕ್ ಎಂಬ ಹುಡುಗಿ

ವಿಲ್ಲಾರ್ಡ್ ಹುಟ್ಟಿದ್ದು 1839ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕ್ ರಾಜ್ಯದ ಚರ್ಚ್‌ವಿಲ್ ಎಂಬ ಹಳ್ಳಿಯಲ್ಲಿ. ಬೆಳೆದದ್ದು ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್ ಹತ್ತಿರದ ತೋಟದಲ್ಲಿ. ಮನೆಯವರು ಕರೆಯುತ್ತಿದ್ದದ್ದು ಫ್ರ್ಯಾಂಕ್ ಎಂದು, ಗಂಡು ಹೆಸರಿನಿಂದ. ಅಣ್ಣ ಆಲಿವರ್ ಮತ್ತು ತಂಗಿ ಮೇರಿ ಜೊತೆ ಹೊಲ, ಮರ, ಹೊಳೆದಂಡೆ ಎಂದು ಅಲೆದವಳು. ಹದಿನಾರು ತುಂಬಿದ ದಿನ ಅದೆಲ್ಲ ನಿಂತಿತು. ಕೂದಲನ್ನು ಎತ್ತಿ ಕಟ್ಟಿದರು, ಪಾದ ಮುಚ್ಚುವ ಲಂಗ ಉಡಿಸಿದರು. ಓಡುವುದು ಹಾಗಿರಲಿ, ನೆಟ್ಟಗೆ ನಡೆಯುವುದೂ ಕಷ್ಟವಾಯಿತು. ಆ ದಿನದ ನೋವನ್ನು ಅವರು ಮುದುಕಿಯಾಗುವವರೆಗೂ ಮರೆಯಲಿಲ್ಲ. ಸೈಕಲ್ ಬಗ್ಗೆ ಬರೆದ ಪುಸ್ತಕವನ್ನೂ ಅಲ್ಲಿಂದಲೇ ಶುರು ಮಾಡಿದ್ದಾರೆ.

ಇನ್ನೊಂದು ಘಟನೆ 1856ರದ್ದು. ಅಣ್ಣನಿಗೆ 21 ತುಂಬಿತ್ತು. ಅಪ್ಪನ ಜೊತೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಗಾಡಿ ಏರಿ, ಮೊದಲ ಸಲ ಮತ ಹಾಕಲು ಹೊರಟ. ಅಕ್ಕತಂಗಿಯರಿಬ್ಬರೂ ಕಿಟಕಿಯಲ್ಲಿ ನಿಂತು ನೋಡಿದರು. ನಮಗೇಕೆ ಇಲ್ಲ ಎಂಬ ಪ್ರಶ್ನೆ ಆಗಲೇ ಹುಟ್ಟಿತು, ಬಾಯಿ ಬಿಟ್ಟು ಕೇಳಲು ಮಾತ್ರ ಇಪ್ಪತ್ತು ವರ್ಷ ಹಿಡಿಯಿತು.

ನಡುವಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇವೆ. ಇಲಿನಾಯ್‌ನ ಎವನ್‌ಸ್ಟನ್‌ನಲ್ಲಿ ಓದು, ನಂತರ ಹಲವು ಊರುಗಳಲ್ಲಿ ಟೀಚರ್ ಕೆಲಸ. ಚಾರ್ಲ್ಸ್ ಫೌಲರ್ ಎಂಬ ಪಾದ್ರಿಯೊಂದಿಗೆ ಮದುವೆ ನಿಶ್ಚಯವಾಗಿತ್ತು, ಅದನ್ನು ಮುರಿದುಕೊಂಡರು. 1862ರಲ್ಲಿ ತಂಗಿ ತೀರಿಕೊಂಡಳು. 1868ರಿಂದ ಎರಡು ವರ್ಷ ಗೆಳತಿಯೊಬ್ಬಳ ಜೊತೆ ಯೂರೋಪ್, ಈಜಿಪ್ಟ್ ಸುತ್ತಿದರು. 1871ರಲ್ಲಿ ಎವನ್‌ಸ್ಟನ್‌ನ ಮಹಿಳಾ ಕಾಲೇಜಿಗೆ ಅಧ್ಯಕ್ಷೆಯಾದರು. ಎರಡು ವರ್ಷದಲ್ಲಿ ಆ ಕಾಲೇಜು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದೊಳಗೆ ಸೇರಿಹೋಯಿತು, ಇವರು ಅಲ್ಲಿ ಮಹಿಳಾ ವಿಭಾಗದ ಡೀನ್ ಆದರು. ವಿಶ್ವವಿದ್ಯಾಲಯದ ಅಧ್ಯಕ್ಷ ಯಾರು ಗೊತ್ತೇ? ಅದೇ ಫೌಲರ್. ವಿದ್ಯಾರ್ಥಿನಿಯರ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು ಎಂಬ ಜಗಳ ಮುಗಿಯಲಿಲ್ಲ. 1874ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ವಯಸ್ಸು 34, ಕೈಯಲ್ಲಿ ಕೆಲಸವಿಲ್ಲ, ಜೊತೆಗೆ ವಿಧವೆ ತಾಯಿ.

ಹೆಂಡ, ಮನೆ, ಮತ

ಅದೇ ವರ್ಷ ವುಮೆನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಎಂಬ ಮದ್ಯಪಾನ ವಿರೋಧಿ ಸಂಘ ಹುಟ್ಟಿತ್ತು. ವಿಲ್ಲಾರ್ಡ್ ಅದರ ಕಾರ್ಯದರ್ಶಿಯಾದರು, 1879ರಲ್ಲಿ ಅಧ್ಯಕ್ಷೆಯಾದರು, ಸಾಯುವವರೆಗೂ ಆ ಸ್ಥಾನದಲ್ಲಿದ್ದರು.

ಇಂದು ಇದನ್ನು ಓದಿ, ಕುಡಿತ ಬಿಡಿಸುವ ಭಜನೆ ಮಂಡಳಿ ಇರಬೇಕು ಎಂದು ನಗಬೇಡಿ. ಗಂಡ ಸಂಬಳವನ್ನು ಹೆಂಡದಂಗಡಿಯಲ್ಲಿ ಸುರಿದು ಬಂದರೆ ಹೆಂಡತಿ ಏನೂ ಮಾಡುವಂತಿರಲಿಲ್ಲ. ಹಲವು ರಾಜ್ಯಗಳಲ್ಲಿ ಅವಳ ಸ್ವಂತ ದುಡಿಮೆಯ ಮೇಲೂ ಅವಳಿಗೆ ಪೂರ್ತಿ ಹಕ್ಕಿರಲಿಲ್ಲ. ಹೆಂಡದಂಗಡಿಗೆ ಲೈಸೆನ್ಸ್ ಕೊಡುವ ಕೌನ್ಸಿಲ್‌ಗೆ ಮತ ಹಾಕುವವರು ಗಂಡಸರು ಮಾತ್ರ. ವಿಲ್ಲಾರ್ಡ್ ಹಿಡಿದದ್ದು ಈ ಎಳೆಯನ್ನೇ. ಮನೆ ಉಳಿಸುವುದು ಹೆಂಗಸಿನ ಕೆಲಸ ಎಂದು ಎಲ್ಲರೂ ಒಪ್ಪುತ್ತೀರಿ, ಹಾಗಾದರೆ ಮನೆ ಹಾಳು ಮಾಡುವ ಅಂಗಡಿ ಊರಿಗೆ ಬೇಕೋ ಬೇಡವೋ ಎಂದು ಹೇಳುವ ಮತ ಅವಳಿಗೇಕಿಲ್ಲ ಎಂಬುದು ಅವರ ವಾದ. ಇದಕ್ಕೆ ಅವರಿಟ್ಟ ಹೆಸರು ಗೃಹರಕ್ಷಣೆ. ಮಹಿಳೆಯರ ಮತದ ಹಕ್ಕು ಎಂದರೆ ಬೆಚ್ಚಿ ಓಡುತ್ತಿದ್ದ ಚರ್ಚಿನ ಹೆಂಗಸರು ಗೃಹರಕ್ಷಣೆ ಎಂದಾಗ ಬಂದು ಕೂತರು. 1879ರಲ್ಲಿ ಲಕ್ಷಕ್ಕೂ ಹೆಚ್ಚು ಸಹಿಗಳ ಅರ್ಜಿಯನ್ನು ಇಲಿನಾಯ್ ಶಾಸನಸಭೆಗೆ ಕೊಟ್ಟರು. ಅದು ಬಿದ್ದುಹೋಯಿತು. ಆದರೆ ಮನೆಮನೆಗೆ ಹೋಗಿ ಸಹಿ ಹಾಕಿಸುವುದು, ಸಭೆಯಲ್ಲಿ ಎದ್ದು ಮಾತಾಡುವುದು, ಲೆಕ್ಕ ಬರೆಯುವುದು, ಶಾಸಕನ ಮನೆಬಾಗಿಲಲ್ಲಿ ಕಾಯುವುದು, ಇವನ್ನೆಲ್ಲ ಸಾವಿರಾರು ಹೆಂಗಸರು ಕಲಿತಾಗಿತ್ತು.

1890ರ ದಶಕದ ಆರಂಭಕ್ಕೆ ಸಂಘದ ಸದಸ್ಯರು ಒಂದೂವರೆ ಲಕ್ಷದಷ್ಟು. ಹೆಂಡದ ವಿರೋಧದ ಜೊತೆಗೆ ಶಿಶುವಿಹಾರ, ಮಹಿಳಾ ಕೈದಿಗಳಿಗೆ ಮಹಿಳಾ ಮೇಲ್ವಿಚಾರಕರು, ಬೀದಿಯಲ್ಲಿ ಕುಡಿಯುವ ನೀರಿನ ನಲ್ಲಿ, ಬಾಲಕಿಯರ ಮೇಲಿನ ದೌರ್ಜನ್ಯಕ್ಕೆ ಕಾನೂನು, ಹೀಗೆ ಊರಿನ ಎಲ್ಲ ಕೆಲಸಕ್ಕೂ ಅವರು ಕೈ ಹಾಕಿದ್ದರು.

ಗ್ಲಾಡಿಸ್

1892ರಲ್ಲಿ ತಾಯಿ ತೀರಿಕೊಂಡರು. ವಿಲ್ಲಾರ್ಡ್ ಕುಸಿದರು. ಇಪ್ಪತ್ತು ವರ್ಷ ರೈಲಿನಲ್ಲಿ ಊರೂರು ತಿರುಗಿ ಭಾಷಣ ಮಾಡಿದ ದೇಹ, ರಕ್ತಹೀನತೆ ಬೇರೆ. ಇಂಗ್ಲೆಂಡಿನ ಗೆಳತಿ ಲೇಡಿ ಹೆನ್ರಿ ಸಾಮರ್ಸೆಟ್ ತಮ್ಮಲ್ಲಿಗೆ ಕರೆಸಿಕೊಂಡರು. ಸೈಕಲ್ ಕೊಡಿಸಿದವರೂ ಅವರೇ. ವಿಲ್ಲಾರ್ಡ್ ಅದಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟರು.

ಅದಕ್ಕೂ ಎಷ್ಟೋ ವರ್ಷ ಮೊದಲು ಮೂರು ಚಕ್ರದ ಸೈಕಲ್ ಓಡಿಸಿ, ಬಿದ್ದು ಪೆಟ್ಟು ಮಾಡಿಕೊಂಡಿದ್ದರು. ಹಾಗಾಗಿ ಭಯ ಇತ್ತು. ಮೊದಲ ಪಾಠಕ್ಕೆ ಗಟ್ಟಿಮುಟ್ಟಾದ ಮೂವರು ಇಂಗ್ಲಿಷ್ ಯುವಕರು ಸೈಕಲನ್ನು ಅಲ್ಲಾಡದಂತೆ ಹಿಡಿದು ನಿಂತರು, ಇವರು ಹೆದರುತ್ತ ಹತ್ತಿದರು. ಮುಂದೆ ಅಕ್ಕಪಕ್ಕ ಹಿಡಿಯಲು ಯುವತಿಯರು ಬಂದರು. ದಿನಕ್ಕೆ ಹದಿನೈದು ನಿಮಿಷದಂತೆ ಸುಮಾರು ಮೂರು ತಿಂಗಳು ಬೇಕಾಯಿತು. ಮೊದಲು ಪೆಡಲ್, ಆಮೇಲೆ ತಿರುಗಿಸುವುದು, ಆಮೇಲೆ ಇಳಿಯುವುದು, ಕೊನೆಗೆ ಯಾರ ನೆರವೂ ಇಲ್ಲದೆ ಹತ್ತುವುದು. ಒಬ್ಬರೇ ಹತ್ತಿ ಹೊರಟದ್ದು ಒಂದು ಜನವರಿ 20ರಂದು. ಆ ತಾರೀಖನ್ನು ಪುಸ್ತಕದಲ್ಲಿ ಹಬ್ಬದ ದಿನದಂತೆ ನೆನೆದಿದ್ದಾರೆ.

ಅವರು ಕಂಡುಕೊಂಡ ಒಂದು ಗುಟ್ಟು ಸೈಕಲ್ ಕಲಿತ ಎಲ್ಲರಿಗೂ ಗೊತ್ತು: ಚಕ್ರ ನೋಡುತ್ತ ಕೂತರೆ ಬೀಳುತ್ತೀರಿ, ದೂರ ನೋಡಿದರೆ ಸಾಗುತ್ತೀರಿ. ಇದರ ಹಿಂದೆ ವಿಜ್ಞಾನವಿದೆ. ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲ್ ಎಡಕ್ಕೇ ತಿರುಗಬೇಕು, ಆಗ ಚಕ್ರಗಳು ಮತ್ತೆ ನಮ್ಮ ಭಾರದ ಕೆಳಗೆ ಬರುತ್ತವೆ. ಹೆದರಿದವರು ಬಲಕ್ಕೆ ಎಳೆಯುತ್ತಾರೆ, ಅಥವಾ ಹ್ಯಾಂಡಲನ್ನು ಕಲ್ಲಿನಂತೆ ಬಿಗಿಹಿಡಿಯುತ್ತಾರೆ. ತಿರುಗುವ ಚಕ್ರದ ಬಲವೇ ಸೈಕಲನ್ನು ನಿಲ್ಲಿಸುತ್ತದೆ ಎಂದು ಶಾಲೆಯಲ್ಲಿ ಕೇಳಿದ್ದೀರಾ? ಅದೊಂದೇ ಕಾರಣವಲ್ಲ. ಆ ಪರಿಣಾಮ ಇಲ್ಲದಂತೆ ಮಾಡಿದ ಸೈಕಲ್ ಕೂಡ ತಾನಾಗಿ ನೆಟ್ಟಗೆ ಸಾಗುತ್ತದೆ ಎಂದು ವಿಜ್ಞಾನಿಗಳು 2011ರಲ್ಲಿ ಮಾಡಿ ತೋರಿಸಿದ್ದಾರೆ.

ಏಕೆ ಕಲಿತರು? ಸಾಹಸದ ಆಸೆ, ಹೊಸ ಶಕ್ತಿಯೊಂದನ್ನು ಕೈವಶ ಮಾಡಿಕೊಳ್ಳುವ ಆಸೆ, ಮತ್ತು ಈ ವಯಸ್ಸಿನಲ್ಲಿ ಇವಳಿಂದ ಆಗದು ಎಂದು ಜನ ಅಂದುಕೊಂಡಿದ್ದು. ಮೂರನೆಯ ಕಾರಣ ನಮಗೆ ಹೆಚ್ಚು ಇಷ್ಟ. ಗಂಡಹೆಂಡತಿ ಒಟ್ಟಿಗೆ ಸೈಕಲ್ ಹೊಡೆದರೆ ಗಂಡ ಹೆಂಡದಂಗಡಿ ಮರೆಯುತ್ತಾನೆ ಎಂಬ ನಂಬಿಕೆಯೂ ಅವರಿಗಿತ್ತು. 1895ರಲ್ಲಿ ಈ ಕಲಿಕೆಯ ಕಥೆ ಸಣ್ಣ ಪುಸ್ತಕವಾಗಿ ಬಂತು.

ಈ ಪುಸ್ತಕದ ತೂಕ ಇರುವುದು ಬರೆದವರಲ್ಲಿ. ಸಾಹಸಿ ಹುಡುಗಿಯೊಬ್ಬಳು ಸೈಕಲ್ ಏರಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವರು ಚರ್ಚಿಗೆ ಹೋಗುವ, ಹೆಂಡ ಮುಟ್ಟದ, ಲಕ್ಷಾಂತರ ತಾಯಂದಿರು ಮರ್ಯಾದೆಯಿಂದ ನೋಡುವ ಹಿರಿಯರು. ಇವರೇ ಏರಿದ ಮೇಲೆ ನಡತೆ ಕೆಡುತ್ತದೆ ಎಂಬ ಮಾತನ್ನು ಮಗಳಿಗೆ ಹೇಳುವುದು ಕಷ್ಟವಾಯಿತು.

ಫಾರ್ವರ್ಡ್‌ಗಳಲ್ಲಿ ತಪ್ಪುವುದು ಎಲ್ಲಿ?

ಮಹಿಳಾ ದಿನದ ಸುಮಾರಿಗೆ ಹರಿದಾಡುವ ಪೋಸ್ಟ್‌ಗಳಲ್ಲಿ ಆ ಕಾಲದ ಸೈಕಲ್ ಮಹಿಳೆಯರೆಲ್ಲ ದೊಗಲೆ ಚಡ್ಡಿ ತೊಟ್ಟು, ಲಂಗವನ್ನು ಕಿತ್ತೆಸೆದವರಂತೆ ಕಾಣುತ್ತಾರೆ. ತೊಟ್ಟವರು ಇದ್ದರು, ನಿಜ. ವಿಲ್ಲಾರ್ಡ್ ತೊಟ್ಟದ್ದು ಟ್ವೀಡ್ ಬಟ್ಟೆಯ ಲಂಗ, ನೆಲದಿಂದ ಮೂರು ಇಂಚು ಮೇಲೆ, ಅಷ್ಟೇ. ಆ ಮೂರು ಇಂಚೇ ಅಂದಿಗೆ ಸುದ್ದಿ. ಕರುಳು ಹಿಂಡುವಂತೆ ಬಿಗಿಯುವ ಕಾರ್ಸೆಟ್ ಬೇಡ ಎಂದು ಮಾತ್ರ ಅವರು ಗಟ್ಟಿಯಾಗಿ ಹೇಳುತ್ತ ಬಂದಿದ್ದರು. ತಮಾಷೆ ನೋಡಿ, ಹೊಟ್ಟೆಯೊಳಗಿನ ಅಂಗಗಳ ಬಗ್ಗೆ ಅಷ್ಟು ಚಿಂತಿಸಿ ಸೈಕಲ್ ಬೇಡ ಎಂದವರಲ್ಲಿ ಎಷ್ಟೋ ಮಂದಿಗೆ, ದಿನವಿಡೀ ಅವನ್ನು ಅದುಮುತ್ತಿದ್ದ ಕಾರ್ಸೆಟ್ ಕಣ್ಣಿಗೆ ಬೀಳಲಿಲ್ಲ.

ಸೈಕಲ್ಲೇ ಮಹಿಳೆಯರಿಗೆ ಮತ ತಂದುಕೊಟ್ಟಿತು ಎನ್ನುವುದೂ ಅತಿಯಾಯಿತು. ಒಳ್ಳೆಯ ಸೈಕಲ್‌ಗೆ ಆಗ 100 ಡಾಲರ್ ಆಸುಪಾಸು ಬೆಲೆ, ಕಾರ್ಖಾನೆಯ ಕೆಲಸಗಾರ್ತಿಗೆ ಅದು ತಿಂಗಳುಗಟ್ಟಲೆ ಕೂಲಿ. ಸೈಕಲ್ ಬರುವುದಕ್ಕೂ ಮೊದಲು ಇಪ್ಪತ್ತು ವರ್ಷ ಕಟ್ಟಿದ ಸಂಘ, ಸಹಿ, ಸಭೆಗಳೇ ದಾರಿ ಮಾಡಿದ್ದು. ಸೈಕಲ್ ಆ ದಾರಿಯಲ್ಲಿ ಒಂದಷ್ಟು ಮಂದಿಯನ್ನು ಬೇಗ ಕರೆದೊಯ್ದಿತು.

ಎಲ್ಲ ಹೆಂಗಸರನ್ನೂ ಅಲ್ಲ. ಅಮೆರಿಕದ ದೊಡ್ಡ ಸೈಕಲ್ ಸಂಘಟನೆಯಾದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ 1894ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿತು. ಮರುವರ್ಷ ನ್ಯೂಜೆರ್ಸಿಯಲ್ಲಿ ನಡೆದ ಅದರ ಸಮಾವೇಶಕ್ಕೆ ಬಾಸ್ಟನ್ನಿನ ಕಪ್ಪು ಯುವತಿ ಕಿಟ್ಟಿ ನಾಕ್ಸ್ ತನ್ನ ಸದಸ್ಯತ್ವದ ಕಾರ್ಡ್ ಹಿಡಿದು ಹೋದಾಗ ದೊಡ್ಡ ರಗಳೆಯಾಯಿತು.

ವಿಲ್ಲಾರ್ಡ್ ಕೂಡ ಇಲ್ಲಿ ಎಡವಿದರು. 1890ರ ಒಂದು ಪತ್ರಿಕಾ ಸಂದರ್ಶನದಲ್ಲಿ, ದಕ್ಷಿಣ ರಾಜ್ಯಗಳ ಕುಡುಕ ಕಪ್ಪು ಜನರಿಂದ ಬಿಳಿಯ ಹೆಂಗಸರಿಗೆ ಅಪಾಯ ಎಂಬರ್ಥದ ಮಾತಾಡಿದ್ದರು. ಕಪ್ಪು ಗಂಡಸರನ್ನು ಗುಂಪುಗೂಡಿ ಕೊಲ್ಲುತ್ತಿದ್ದವರು ಹೇಳುತ್ತಿದ್ದ ನೆಪವೂ ಅದೇ. ಪತ್ರಕರ್ತೆ ಐಡಾ ಬಿ. ವೆಲ್ಸ್ 1894ರಲ್ಲಿ, ವಿಲ್ಲಾರ್ಡ್ ಇಂಗ್ಲೆಂಡಿನಲ್ಲಿ ಇದ್ದಾಗಲೇ, ಆ ಸಂದರ್ಶನವನ್ನು ಅಲ್ಲಿ ಮತ್ತೆ ಅಚ್ಚು ಹಾಕಿಸಿದರು. ವಿಲ್ಲಾರ್ಡ್ ಗುಂಪು ಕೊಲೆಗಳನ್ನು ಖಂಡಿಸಿದರೂ ಹಿಂದಿನ ಮಾತನ್ನು ಸ್ಪಷ್ಟವಾಗಿ ಹಿಂತೆಗೆದುಕೊಳ್ಳಲಿಲ್ಲ. ಇದನ್ನು ಬಿಟ್ಟು ಅವರ ಬದುಕು ಬರೆಯುವುದು ನಮಗೆ ಸರಿ ಕಾಣದು.

ನಮ್ಮಂಥ ವಿಜ್ಞಾನ ಬರೆಯುವವರು ಹೇಳಲೇಬೇಕಾದ ಇನ್ನೊಂದು ಸಂಗತಿ: ಸೈಕಲ್ ವಿಷಯದಲ್ಲಿ ಸುಳ್ಳು ಭಯಕ್ಕೆ ಬಗ್ಗದ ಈ ನಾಯಕಿಯ ಸಂಘವೇ, ಶಾಲಾ ಪುಸ್ತಕಗಳಲ್ಲಿ ಮದ್ಯದ ಬಗ್ಗೆ ಉತ್ಪ್ರೇಕ್ಷೆಯ ಭಯವನ್ನು ತುಂಬಿಸಿತು. ಮದ್ಯ ಕೆಟ್ಟದ್ದೇ, ಆದರೆ ಆ ಪಾಠಗಳಲ್ಲಿ ಪುರಾವೆಗಿಂತ ಹೆದರಿಕೆಯೇ ಹೆಚ್ಚಿದೆ ಎಂದು ತಜ್ಞರ ಸಮಿತಿಯೊಂದು 1903ರಲ್ಲಿ ಟೀಕಿಸಿತು.

ಗಂಗಾಮೂಲದಿಂದ ಹೋದವರು

ಈ ಕಥೆಗೆ ನಮ್ಮ ಮಲೆನಾಡಿನ ನಂಟೂ ಇದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು ಪಂಡಿತಾ ರಮಾಬಾಯಿ. 1886ರಲ್ಲಿ ಅಮೆರಿಕಕ್ಕೆ ಹೋದ ಅವರಿಗೆ ವಿಲ್ಲಾರ್ಡ್ ಪರಿಚಯವಾಯಿತು, ಸಂಘದ ಕೆಲಸದಲ್ಲೂ ಅವರು ಸೇರಿಕೊಂಡರು. ಹಿಂತಿರುಗಿ ಬಂದು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದೇ ವರ್ಷ ಅಮೆರಿಕದ ಬಗ್ಗೆ ಮರಾಠಿಯಲ್ಲಿ ಬರೆದ ಪುಸ್ತಕದಲ್ಲಿ, ಆ ಹೆಂಗಸರು ಸಂಘ ಕಟ್ಟುವ ಬಗೆಯನ್ನು ಮೆಚ್ಚಿ ವಿವರಿಸಿದ್ದಾರೆ.

ವಿಲ್ಲಾರ್ಡ್ 1898ರ ಫೆಬ್ರವರಿ 17ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡರು. ವಯಸ್ಸು 58. ಅವರ ಜೀವಮಾನದಲ್ಲಿ ಇಲಿನಾಯ್‌ನ ಹೆಂಗಸರಿಗೆ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಮತ ಸಿಗಲಿಲ್ಲ. ಅದು ಬಂದದ್ದು 1913ರಲ್ಲಿ, ಇಡೀ ದೇಶಕ್ಕೆ ಸಂವಿಧಾನದ ತಿದ್ದುಪಡಿಯಾಗಿ ಬಂದದ್ದು 1920ರಲ್ಲಿ. ಅಷ್ಟರೊಳಗೆ ವಾಷಿಂಗ್ಟನ್ನಿನ ಸಂಸತ್ ಭವನದ ಪ್ರತಿಮಾ ಸಭಾಂಗಣದಲ್ಲಿ ಅವರ ಪ್ರತಿಮೆ ನಿಂತಿತ್ತು. 1905ರಲ್ಲಿ ಇಲಿನಾಯ್ ರಾಜ್ಯ ಕಳಿಸಿದ್ದು ಅದು. ಆ ಸಭಾಂಗಣಕ್ಕೆ ಬಂದ ಮೊದಲ ಹೆಣ್ಣಿನ ಪ್ರತಿಮೆ.

ಎವನ್‌ಸ್ಟನ್‌ನಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ. ಸೈಕಲ್ ಪುಸ್ತಕದ ಕಾಪಿರೈಟ್ ಎಂದೋ ಮುಗಿದಿದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಇಂಗ್ಲಿಷ್ ಓದುವವರು ಒಂದು ಸಂಜೆಯಲ್ಲಿ ಮುಗಿಸಬಹುದು.